ಅರಟಿಪಂಡಿನ ಅಸೂಯೆ

ಹೋದ ವಾರ ಚಿಂತಾಮಣಿಯ ಕಾಲೇಜೊಂದರಲ್ಲಿ ಚರ್ಚಾಸ್ಪರ್ಧೆಗೆ ತೀರ್ಪುಗಾರಳಾಗಿ ಕುಳಿತಿದ್ದೆ. ಕನ್ನಡಕ ತೆಗೆಯಲೆಂದು ಕೈಚೀಲಕ್ಕೆ ಕೈ ಹಾಕಿದರೆ ಕನ್ನಡಕದ ಡಬ್ಬಿಗೆ ಅಂಟಿಕೊಂಡು ಒಂದು ಕೆಂಪು ಪಟ್ಟಿಯೂ ಹೊರಬಂತು. ಒಂದೂವರೆ ಗೇಣು ಉದ್ದ, ಎರಡು ಬೆರಳು ಅಗಲ. ಒಂದು ತುದಿಯಲ್ಲಿ ಮಕ್ಕಳ ಬೂಟುಗಳಲ್ಲಿರುವಂಥ, ಎಳೆದರೆ ಬಿಟ್ಟುಕೊಳ್ಳುವ ಮುಳ್ಳಂಟು. ಅದು ಹೊರಬಂದದ್ದೇ ತಡ, ನನ್ನ ಸೀರೆಯ ಸೆರಗಿಗೆ ಕಚ್ಚಿಕೊಂಡಿತು. ಮೇಜಿನ ಮೇಲೆ ಮೈಕು ಇದೆಯೆಂಬುದನ್ನು ಮರೆತು ಎಳೆದೆ. ‘ಪರ್ರ್’ ಎಂಬ ಸದ್ದು ಸಭಾಂಗಣವನ್ನೆಲ್ಲ ತುಂಬಿತು. ವೇದಿಕೆಯ ಮೇಲೆ ಸಮಾನತೆಯ ಪರವಾಗಿ ಆವೇಶದಿಂದ ಮಾತನಾಡುತ್ತಿದ್ದ ಹುಡುಗಿ, ಕಾಲಾವಧಿ ಮುಗಿಯಿತೆಂಬ ಸೂಚನೆಯೆಂದು ಭಾವಿಸಿ, ವಾಕ್ಯವನ್ನು ಅರ್ಧಕ್ಕೇ ಬಿಟ್ಟು ನಮಸ್ಕರಿಸಿ ಹೋಗಿ ಕುಳಿತಳು. ಅವಳನ್ನು ಮತ್ತೆ ಕರೆದು, ಕ್ಷಮೆ ಕೇಳಿ, ಉಳಿದ ಸಮಾನತೆಯನ್ನು ಹೇಳಿಸಬೇಕಾಯಿತು.

ಆ ಪಟ್ಟಿ ನನ್ನದಲ್ಲ. ಹಿಂದಿರುಗಿಸುವ ಮನಸ್ಸೂ ನನಗಿಲ್ಲ. ಅದು ನನ್ನ ಕೈಚೀಲಕ್ಕೆ ಬಂದ ಬಗೆಯನ್ನು ನಿಮಗೆ ಹೇಳಬೇಕಾದರೆ ನನ್ನ ಅಸೂಯೆಯ ವಿಚಾರವನ್ನೂ ಹೇಳಲೇಬೇಕು. ವೇದಿಕೆಗಳ ಮೇಲೆ ನಾನು ಅದರ ವಿರುದ್ಧ ಎಷ್ಟೋ ಬಾರಿ ಮಾತನಾಡಿದ್ದೇನೆ. ಮನೆಯಲ್ಲಿ ಮಾತ್ರ ಅದನ್ನು ಚೆನ್ನಾಗಿಯೇ ಸಾಕಿಕೊಂಡಿದ್ದೇನೆ.

ಪೆರೇಸಂದ್ರದ ಬಳಿ, ಹೆದ್ದಾರಿಯಿಂದ ತುಸು ಒಳಗೆ, ಶಾಲೆಯೊಂದರ ಹಿಂದೆ ಒಂದು ಬಯಲಿದೆ. ಅಲ್ಲಿ ಪ್ರತಿ ಶನಿವಾರ ಸಂಜೆ ಸುತ್ತಲಿನ ಊರುಗಳ ಮಕ್ಕಳು ರಗ್ಬಿ ಆಡುತ್ತಾರೆ. ನೀವು ನಗಬಹುದು, ನಾನೂ ನಕ್ಕಿದ್ದೆ. ರಗ್ಬಿಯೆಂದರೆ ನನ್ನ ಕಣ್ಣಿಗೆ ಬರುತ್ತಿದ್ದದ್ದು, ಕಲ್ಲುಕಂಬದಂಥ ತೊಡೆಗಳ ಗಂಡಸರು ಒಬ್ಬರ ಮೇಲೊಬ್ಬರು ರಾಶಿಯಾಗಿ ಬೀಳುವ, ಕಿವಿ ಹರಿದುಕೊಳ್ಳುವ ಟೀವಿಯ ದೃಶ್ಯ. ಎಂಟು ವರ್ಷದ ನನ್ನ ಮಗಳು ಧನ್ಯ ಆ ಬಯಲಿಗೆ ಹೋಗುತ್ತೇನೆಂದಾಗ, ಮಕ್ಕಳ ಹಕ್ಕುಗಳ ಬಗ್ಗೆ ನಾನು ಬಲ್ಲದ್ದೆಲ್ಲ ನೆನಪಾಗಿ, ಮೊದಲ ಶನಿವಾರ ವಿರೋಧ ವ್ಯಕ್ತಪಡಿಸುವ ಸಿದ್ಧತೆಯಲ್ಲಿಯೇ ಹೋದೆ.

ಅಲ್ಲಿ ಕಂಡದ್ದು ಬೇರೆ. ದೊಡ್ಡ ರೇಷ್ಮೆಗೂಡಿನಾಕಾರದ ಆ ಚೆಂಡು ನಿಜ. ಆದರೆ ಅದು ಮಕ್ಕಳ ಅಂಗೈಗೆ ಒಗ್ಗುವಷ್ಟು ಚಿಕ್ಕದು. ಅತಿ ಕಿರಿಯರಿಗೆ ಅಂಗಳದಷ್ಟೇ ಅಗಲದ ಮೈದಾನ, ಒಂದೊಂದು ಕಡೆಗೆ ನಾಲ್ಕೇ ಜನ. ಪ್ರತಿಯೊಬ್ಬರ ಸೊಂಟದ ಪಟ್ಟಿಯ ಎರಡೂ ಪಕ್ಕದಲ್ಲಿ ಒಂದೊಂದು ಕೆಂಪು ಪಟ್ಟಿ ಅಂಟಿಸಿರುತ್ತಾರೆ. ಚೆಂಡು ಹಿಡಿದು ಓಡುವವರನ್ನು ಕೆಡವುವ ಹಾಗಿಲ್ಲ, ತಳ್ಳುವ ಹಾಗಿಲ್ಲ, ಅಂಗಿ ಹಿಡಿಯುವ ಹಾಗಿಲ್ಲ. ಪಟ್ಟಿ ಕಿತ್ತು, ಕೈಯೆತ್ತಿ, ‘ಟ್ಯಾಗ್’ ಎಂದು ಕೂಗಿದರೆ ಹಿಡಿದಂತೆ. ಕಿತ್ತವರು ಆ ಪಟ್ಟಿಯನ್ನು ಎದುರಾಳಿಯ ಕೈಗೇ ಕೊಡಬೇಕು, ಎಸೆಯುವಂತಿಲ್ಲ. ಅದನ್ನು ಮತ್ತೆ ಅಂಟಿಸಿಕೊಂಡ ಮೇಲೆಯೇ ಆಟಕ್ಕೆ ಮರಳಬೇಕು. ಪ್ರತಿ ಬಾರಿ ಪಟ್ಟಿ ಕಿತ್ತಾಗಲೂ ರೆಫರಿ ‘ಒಂದು’, ‘ಎರಡು’ ಎಂದು ಗಟ್ಟಿಯಾಗಿ ಎಣಿಸುತ್ತಾರೆ. ಎಣಿಕೆ ತುಂಬಿದರೆ ಚೆಂಡು ಎದುರು ತಂಡಕ್ಕೆ. ಮುಂದಿನ ವರ್ಷ ಒಂದೊಂದು ಕಡೆಗೆ ಆರು ಜನ. ಒಂಬತ್ತು ವರ್ಷಕ್ಕೆ ಬಂದಾಗ ಪಟ್ಟಿ ಬಿಚ್ಚಿಟ್ಟು, ಎರಡೂ ಕೈಗಳಿಂದ ಸೊಂಟ ಬಳಸಿ ಹಿಡಿಯುವುದನ್ನು ಕಲಿಸುತ್ತಾರೆ: ಮೊದಲು ಮಂಡಿಯೂರಿ, ಆಮೇಲೆ ನಡೆಯುತ್ತ, ಕಡೆಗೆ ಓಡುತ್ತ. ಹತ್ತಕ್ಕೆ ಮೂರು ಮೂರು ಜನ ಹೆಗಲು ಕೊಟ್ಟು ನಿಲ್ಲುವುದು, ಆದರೆ ದೂಡುವಂತಿಲ್ಲ. ಚೆಂಡನ್ನು ಕಾಲಿನಿಂದ ಒದೆಯುವ ಭಾಗ್ಯ ಅದಕ್ಕೂ ಮುಂದೆ.

ಇದನ್ನು ನೋಡುತ್ತಿದ್ದಂತೆ ನನಗೆ ಲಂಗದ ಮಡಿಕೆ ನೆನಪಾಯಿತು. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಲಂಗ ಹೊಲಿಸುವಾಗ ಕೆಳಗಡೆ ಮೂರು ನಾಲ್ಕು ಮಡಿಕೆ ಹೊಲಿಸಿ, ವರ್ಷಕ್ಕೊಂದರಂತೆ ಬಿಚ್ಚುತ್ತಿದ್ದರಲ್ಲ, ಈ ಆಟಕ್ಕೂ ಯಾರೋ ಪುಣ್ಯಾತ್ಮರು ಹಾಗೆ ಮಡಿಕೆ ಹಾಕಿದ್ದಾರೆ. ಮಗು ಬೆಳೆದಂತೆ ಒಂದೊಂದೇ ಬಿಚ್ಚುತ್ತಾರೆ. ನನಗಾದರೋ ಲಂಗದಲ್ಲೂ ಆ ಸುಖವಿರಲಿಲ್ಲ. ಮಡಿಕೆಗಳೆಲ್ಲ ಅಕ್ಕನಿಗೆ ಬಿಚ್ಚಿ ಮುಗಿದ ಮೇಲೆ, ಪೂರ್ತಿ ಉದ್ದದ ಲಂಗ ನನ್ನ ಪಾಲಿಗೆ ಬರುತ್ತಿತ್ತು. ನಾನದನ್ನು ಎದೆಯ ಮೇಲೆ ಕಟ್ಟಿಕೊಂಡು, ಎಡವುತ್ತ ಓಡಾಡುತ್ತಿದ್ದೆ. ಪೆರೇಸಂದ್ರದ ಬಯಲಿನಂಚಿನಲ್ಲಿ ನಿಂತು, ಅಳತೆಗೆ ಹೊಲಿದ ಆಟದೊಳಗೆ ಓಡುತ್ತಿದ್ದ ಮಕ್ಕಳನ್ನು ನೋಡಿ ನನ್ನ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು. ವಿರೋಧ ವ್ಯಕ್ತಪಡಿಸಲು ಹೋಗಿದ್ದವಳು ಮಗಳ ಹೆಸರು ಬರೆಸಿ ಬಂದೆ.

ನಾವು ಬೆಳೆದದ್ದು ಶಿಡ್ಲಘಟ್ಟದಲ್ಲಿ. ರೇಷ್ಮೆಗೂಡು ಬೇಯಿಸುವ ವಾಸನೆ ನಮ್ಮ ಬೀದಿಯ ಗಾಳಿಯೇ ಆಗಿತ್ತು. ಹೊರಗಿನಿಂದ ಬಂದ ನೆಂಟರು ಮೂಗು ಮುಚ್ಚಿಕೊಂಡಾಗಲೇ ನಮಗೆ ಅದರ ನೆನಪು. ಸಂಜೆಯಾದರೆ ಗೋಡೆಗೆ ಒರಗಿಸಿಟ್ಟ ಖಾಲಿ ಚಂದ್ರಿಕೆಗಳ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗಳ, ಹಿಂದೆ ಅಡಗುವ ಕಣ್ಣಾಮುಚ್ಚಾಲೆ, ಇಲ್ಲವೇ ಲಗೋರಿ. ಆ ಬೀದಿಯ ಸರ್ವಾಧಿಕಾರಿಣಿ ನನ್ನ ಅಕ್ಕ ವಿಮಲ, ನನಗಿಂತ ಐದು ವರ್ಷ ದೊಡ್ಡವಳು. ಮನೆಯೊಳಗೆ ನಮ್ಮದು ಕನ್ನಡ. ಬೀದಿಯ ಆಟ ಮಾತ್ರ ತೆಲುಗಿನಲ್ಲಿ. ‘ತಂಗೀನೂ ಸೇರಿಸ್ಕೊಳೇ’ ಎಂದು ಅಮ್ಮ ಒಳಗಿನಿಂದ ಕೂಗಿದರೆ, ಅಕ್ಕ ನನ್ನನ್ನು ಬೀದಿಯ ನಡುವೆ ನಿಲ್ಲಿಸಿ ಎಲ್ಲರಿಗೂ ಕೇಳುವಂತೆ ಘೋಷಿಸುತ್ತಿದ್ದಳು: “ಇದಿ ಅರಟಿಪಂಡು!”

ಅರಟಿಪಂಡು ಎಂದರೆ ಬಾಳೆಹಣ್ಣು. ನಮ್ಮ ಗಡಿಸೀಮೆಯ ಆಟಗಳಲ್ಲಿ ಅದಕ್ಕೆ ಇನ್ನೊಂದು ಅರ್ಥ. ಅರಟಿಪಂಡು ಆಡಬಹುದು, ಓಡಬಹುದು, ಅಡಗಬಹುದು. ಆದರೆ ಅದನ್ನು ಮುಟ್ಟಿದರೆ ಔಟಲ್ಲ, ಹುಡುಕಿದರೆ ಸಿಕ್ಕಂತಲ್ಲ, ಅದು ಗೆದ್ದರೆ ಗೆಲುವೂ ಅಲ್ಲ. ನಾನು ಚಂದ್ರಿಕೆಯ ಹಿಂದೆ ಉಸಿರು ಬಿಗಿಹಿಡಿದು ಕುಳಿತಿರುತ್ತಿದ್ದೆ. ಹುಡುಕುವವಳು ಬರುವಳು, ನನ್ನ ಮುಖವನ್ನೇ ನೋಡುವಳು, “ಅರಟಿಪಂಡೇ ಕದಾ”, ಬರೀ ಅರಟಿಪಂಡು ತಾನೇ, ಎಂದು ಮುಂದೆ ಹೋಗುವಳು. ಲಗೋರಿಯಲ್ಲಿ ನನ್ನ ಬೆನ್ನಿಗೆ ಚೆಂಡು ಬಿದ್ದರೆ ನಾನೇ ‘ಔಟು, ಔಟು’ ಎಂದು ಕೂಗಿಕೊಂಡು ಹೊರಗೆ ಹೋಗಿ ನಿಲ್ಲುತ್ತಿದ್ದೆ. ಅಕ್ಕ ರಟ್ಟೆ ಹಿಡಿದು ಒಳಗೆಳೆದು, “ನಿಂಗೆ ಔಟಿಲ್ಲ ಕಣೇ, ಆಡು” ಎನ್ನುತ್ತಿದ್ದಳು. ಆಗೊಮ್ಮೆ ಈಗೊಮ್ಮೆ ನಾನು ಕಲ್ಲು ಜೋಡಿಸಿದರೆ ಎಲ್ಲರೂ ಆಟ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಿದ್ದರು. ಆ ಚಪ್ಪಾಳೆಯ ಸದ್ದು ನಿಜವಾದ ಚಪ್ಪಾಳೆಗಿಂತ ತುಸು ಹೆಚ್ಚಾಗಿಯೇ ಇರುತ್ತಿತ್ತು. ಇದೇ ಅಕ್ಕ ಮನೆಯಲ್ಲಿ ದಿನಕ್ಕೆ ಹತ್ತು ಸಲ ನನ್ನ ಜಡೆಯ ರಿಬ್ಬನ್ನು ಕಿತ್ತು ಓಡುತ್ತಿದ್ದಳು. ಬೀದಿಗೆ ಬಂದೊಡನೆ ನನ್ನನ್ನು ಮುಟ್ಟುತ್ತಲೇ ಇರಲಿಲ್ಲ.

ನಾನು ಚಿಂತಾಮಣಿಯ ಕಾಲೇಜಿನಲ್ಲಿ ಚರ್ಚಾಪಟುವಾದದ್ದಕ್ಕೆ ಇದೇ ಕಾರಣವಿರಬೇಕೆಂದು ನನ್ನ ಗುಮಾನಿ. ಅಲ್ಲಿ ಗಂಟೆ ಹೊಡೆದು ನಿಲ್ಲಿಸುತ್ತಿದ್ದರು, ತಪ್ಪಿಗೆ ಅಂಕ ಕಳೆಯುತ್ತಿದ್ದರು, ಸೋತರೆ ಸೋಲೆಂದೇ ಬರೆದುಕೊಳ್ಳುತ್ತಿದ್ದರು. ಎಂಥ ಸುಖ! ಮುಂದೆ ಚಿಕ್ಕಬಳ್ಳಾಪುರದಲ್ಲಿ ಉಪನ್ಯಾಸಕಿಯಾಗಿ, ಜೊತೆಗೆ ಸಮಾಜವನ್ನು ತಿದ್ದುವ ಹೊಣೆಯನ್ನೂ ಯಾರೂ ಕೇಳದೆಯೇ ಹೊತ್ತುಕೊಂಡೆ. ಒಮ್ಮೆ ನಮ್ಮ ಬಡಾವಣೆಯ ಮಕ್ಕಳ ಕೂಟದಲ್ಲಿ ಸಂಗೀತಕುರ್ಚಿಯನ್ನು ಸುಧಾರಿಸಿದೆ. ಯಾವ ಮಗುವೂ ಹೊರಗುಳಿಯಬಾರದೆಂಬ ತತ್ತ್ವದ ಮೇಲೆ, ಎಷ್ಟು ಮಕ್ಕಳೋ ಅಷ್ಟೇ ಕುರ್ಚಿ. ಹಾಡು ನಿಂತಿತು, ಎಲ್ಲರೂ ಕುಳಿತರು. ಹಾಡು ಮತ್ತೆ ಶುರುವಾಯಿತು, ಒಬ್ಬರೂ ಏಳಲಿಲ್ಲ. “ಆಂಟಿ, ಮುಗೀತಲ್ಲ?” ಎಂದಿತು ಒಂದು ಮಗು. ಅಕ್ಕ ಅಂದು ನಕ್ಕ ನಗು ಈಗಲೂ ಕೆಲವು ಮದುವೆಮನೆಗಳಲ್ಲಿ ಮುಂದುವರಿಯುತ್ತದೆ.

ಪೆರೇಸಂದ್ರದ ಬಯಲಿನಲ್ಲಿ ಎಂಟರ ಗುಂಪಿಗೆ ಸೀಟಿ ಊದುವವಳು ಇದೇ ಅಕ್ಕ! ತಾಲ್ಲೂಕು ಕಚೇರಿಯ ಗುಮಾಸ್ತೆ. ಕೆಲವು ವರ್ಷಗಳ ಹಿಂದೆ ತನ್ನ ಮಗನನ್ನು ಬಯಲಿಗೆ ಬಿಡಲು ಹೋದವಳು ಅಲ್ಲಿಯೇ ಉಳಿದುಕೊಂಡು, ತರಬೇತಿ ಶಿಬಿರ ಮುಗಿಸಿ, ಕುತ್ತಿಗೆಗೆ ಸೀಟಿ ಕಟ್ಟಿಕೊಂಡಳು. ನನ್ನನ್ನು ಒಮ್ಮೆಯೂ ಔಟು ಮಾಡದ ಕೈಗಳು ಈಗ ಮಂಡಿಯೂರಿ ಕುಳಿತು ನನ್ನ ಮಗಳ ಸೊಂಟಕ್ಕೆ ಪಟ್ಟಿ ಅಂಟಿಸುತ್ತವೆ; “ಕಿತ್ಕೊಂಡ್ರು ಅಂತ ಅಳಬಾರ್ದು ಕಣಮ್ಮ, ನಿಂದೂ ಒಂದು ಲೆಕ್ಕಕ್ಕೆ ಬಂತಲ್ಲ, ಖುಷಿಪಡು” ಎಂದು ಗಲ್ಲ ತಟ್ಟುತ್ತವೆ. ಆ ಮಾತನ್ನು ಕೇಳಿಸಿಕೊಂಡ ದಿನ ನಾನು ಮನೆಗೆ ಬಂದು ಪಾತ್ರೆಗಳನ್ನು ಅಗತ್ಯಕ್ಕಿಂತ ಗಟ್ಟಿಯಾಗಿ ಜೋಡಿಸಿದೆ.

ಧನ್ಯಳಿಗಂತೂ ದೊಡ್ಡಮ್ಮನೇ ವೇದ. ಹಾಲು ಕುಡಿ ಎಂದರೆ, “ದೊಡ್ಡಮ್ಮ ಹೇಳಿದಾರೆ, ಆಟಕ್ಕೆ ಮುಂಚೆ ಹಾಲು ಬೇಡ ಅಂತ.” ಬೇಗ ಮಲಗು ಎಂದು ನಾನು ವರ್ಷಗಟ್ಟಲೆ ಹೇಳಿದ್ದು ಗಾಳಿಗೆ ಹೋಗಿತ್ತು; ದೊಡ್ಡಮ್ಮ ಒಂದು ಸಲ ಹೇಳಿದ್ದಕ್ಕೆ ಈಗ ಊಟದ ತಟ್ಟೆ ತೊಳೆದಿಟ್ಟು ಮಲಗುತ್ತಾಳೆ. ಹೀಗೆ ನನ್ನ ಅಸೂಯೆ ಎರಡು ಕವಲಾಯಿತು: ನನಗೆ ಸಿಗದ ಅಕ್ಕ ಮಗಳಿಗೆ ಸಿಕ್ಕಳೆಂದು ಒಂದು, ನನ್ನ ಮಗಳು ಅಕ್ಕನಿಗೆ ಸಿಕ್ಕಳೆಂದು ಇನ್ನೊಂದು.

ಈ ಬೇಸಿಗೆಯಲ್ಲಿ ಧನ್ಯ ಒಂಬತ್ತರ ಗುಂಪಿಗೆ ಹೋಗಬೇಕಾಗಿತ್ತು. ಅವಳಿಗೆ ಆ ಗುಂಪೆಂದರೆ ಪ್ರಾಣ. ಪಟ್ಟಿ ಬಿಚ್ಚಿಟ್ಟು ‘ದೊಡ್ಡೋರ ಥರ’ ಹಿಡಿದಾಡುವ ಕನಸು. ಆದರೆ ಅವಳು ವಯಸ್ಸಿಗಿಂತ ಕುಳ್ಳಿ, ಗಾಳಿ ಬೀಸಿದರೆ ವಾಲುವ ಮೈ. ಅಂಥ ಮಗುವನ್ನು ತಾಯ್ತಂದೆ ಒಪ್ಪಿದರೆ ಇನ್ನೊಂದು ವರ್ಷ ಕೆಳಗಿನ ಗುಂಪಿನಲ್ಲೇ ಆಡಿಸಬಹುದೆಂಬ ನಿಯಮವಿದೆ. ಅಕ್ಕನ ಮನಸ್ಸು ಆ ಕಡೆ. ಧನ್ಯಳ ತಂದೆ, “ಅಕ್ಕತಂಗೀರು ಏನಾದ್ರೂ ಮಾಡ್ಕೊಳಿ” ಎಂದು ಕೈ ತೊಳೆದುಕೊಂಡರು. ಹೂಂ ಎನ್ನಬೇಕಾದವಳು ನಾನು. ನಾನು ಊಹೂಂ ಎಂದೆ. ನನ್ನ ಮಗಳಿಗೆ ವಿನಾಯಿತಿಯೇ? ವಿನಾಯಿತಿಯೆಂಬುದು ಅರಟಿಪಂಡಿನ ಇನ್ನೊಂದು ಹೆಸರಲ್ಲವೇ? ತತ್ತ್ವದ ಮಾತು ಸರಿಯೇ. ಮೇಲಿನ ಗುಂಪಿಗೆ ಸೀಟಿ ಊದುವವರು ಬೇರೆಯವರು ಎಂಬುದೂ ನನ್ನ ಗಮನದಲ್ಲಿತ್ತು.

ಪರೀಕ್ಷೆಗೆಂದು ಗೌರಿಬಿದನೂರಿನಲ್ಲಿ ನಡೆದ ಒಂದು ಆಟದಲ್ಲಿ ಧನ್ಯಳನ್ನು ಒಂಬತ್ತರ ಗುಂಪಿಗೆ ಇಳಿಸಿದರು. ನೀವು ನೋಡಬೇಕಿತ್ತು! ಚೆಂಡು ಕೈಗೆ ಬಂದದ್ದೇ ಓಡಿದಳು. ಎತ್ತರದ ಹುಡುಗಿಯರ ನಡುವೆ ನುಸುಳಿ ಗೆರೆ ದಾಟಿ ಚೆಂಡು ನೆಲಕ್ಕೂರಿ ಅಂಕ ಗಳಿಸಿದಳು. ಮತ್ತೊಮ್ಮೆ ಹಾಗೆಯೇ. ಒಬ್ಬರೂ ಅವಳ ಸೊಂಟ ಬಳಸಲಿಲ್ಲ. ಹಿಂದಿರುಗುವಾಗ ತುಸು ಸುತ್ತುಹಾಕಿ ವಿದುರಾಶ್ವತ್ಥದಲ್ಲಿ ಇಳಿದು, ನಾಗರಕಲ್ಲುಗಳ ಸಾಲಿನಾಚೆ ನೆರಳಿನಲ್ಲಿ ಚುರುಮುರಿ ತಿನ್ನುತ್ತ ಕುಳಿತೆವು. ಧನ್ಯ ದೂರದಲ್ಲಿ ನೀರು ಕುಡಿಯುತ್ತಿದ್ದಳು.

“ನೋಡಿದ್ಯಾ ಅಕ್ಕ? ಅವಳನ್ನ ಒಬ್ಬರಿಗೂ ಹಿಡಿಯಕ್ಕಾಗಲಿಲ್ಲ.”

“ಹಿಡೀಲಿಲ್ಲ” ಎಂದಳು ಅಕ್ಕ.

“ಅದನ್ನೇ ನಾನೂ ಹೇಳ್ತಿರೋದು.”

“ಅಲ್ಲ ಕಣೇ. ನೀನು ಹೇಳಿದ್ದು ಹಿಡಿಯಕ್ಕಾಗಲಿಲ್ಲ ಅಂತ. ನಾನು ಹೇಳಿದ್ದು ಹಿಡೀಲಿಲ್ಲ ಅಂತ.”

ನಾನು ಕೆರಳಿದೆ. ಮೊದಲನೆಯದಾಗಿ, ಎರಡನೆಯದಾಗಿ, ಹಾಗೂ ಕೊನೆಯದಾಗಿ ಎಂದು ಮೂರು ವಾದಗಳನ್ನು ಕ್ರಮವಾಗಿ ಮಂಡಿಸಿದೆ: ಸಾಧನೆಯನ್ನು ಕಣ್ಣಾರೆ ಕಂಡೂ ಒಪ್ಪದಿರುವುದು ಪೂರ್ವಗ್ರಹ, ದೇಹದ ಅಳತೆಯಿಂದ ಸಾಮರ್ಥ್ಯವನ್ನು ಅಳೆಯುವುದು ಅನ್ಯಾಯ, ಹಿರಿಯರ ಮಮಕಾರ ಕಿರಿಯರ ಬೆಳವಣಿಗೆಗೆ ಅಡ್ಡಿಯಾಗಬಾರದು. ಮೂರನೆಯದನ್ನು ಹೇಳುವಾಗ ಅವಳ ಮುಖ ನೋಡಲಿಲ್ಲ.

ಅಕ್ಕ ಪೊಟ್ಟಣದ ತಳದ ಈರುಳ್ಳಿಯನ್ನು ಆರಿಸಿ ತಿನ್ನುತ್ತಿದ್ದಳು. “ಬೆಲ್ ಹೊಡೀಬೇಕಾ, ನೀನೇ ನಿಲ್ಲಿಸ್ತೀಯಾ?” ಎಂದಳು. ಆಮೇಲೆ, “ಆಯ್ತು ಕಣೇ. ಮಗು ನಿಂದು. ಮೇಲಕ್ಕೇ ಹೋಗ್ಲಿ ಬಿಡು” ಎಂದು ಎದ್ದು ಸೀರೆಯ ಹಿಂಭಾಗದ ಧೂಳು ಕೊಡವಿಕೊಂಡಳು. ಗೆದ್ದೆನೆಂದುಕೊಂಡೆ. ಮುಂದಿನ ವಾರವೆಲ್ಲ, ನನ್ನ ಮಗಳನ್ನು ಗೌರಿಬಿದನೂರಿನಲ್ಲಿ ಒಬ್ಬರಿಗೂ ಹಿಡಿಯಲಾಗಲಿಲ್ಲವೆಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ.

ಋತು ಮುಗಿಯುವ ಶನಿವಾರ ಪೆರೇಸಂದ್ರದಲ್ಲಿ ಮನೆಮಂದಿಯ ಆಟವಿತ್ತು. ಅಪ್ಪ, ಅಮ್ಮ, ಮಕ್ಕಳು ಬೆರೆತ ತಂಡಗಳು. ನಿಯಮ ಮಾತ್ರ ಎಂಟರ ಗುಂಪಿನದು, ಯಾಕೆಂದರೆ ದೊಡ್ಡವರಿಗೆ ಅದಕ್ಕಿಂತ ಕಷ್ಟದ್ದನ್ನು ಕೊಡುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಚೂಡಿದಾರದ ಮೇಲೆ ಪಟ್ಟಿ ಅಂಟಿಸಿಕೊಂಡು, ಮರ್ಯಾದೆಗೆಂದು ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿ ಇಳಿದೆ. ಎದುರು ತಂಡದಲ್ಲಿದ್ದ ಅಕ್ಕ ದೂರದಿಂದಲೇ ಕೂಗಿದಳು: “ವೇಲ್ ಬಿಚ್ಚೇ! ಪಟ್ಟಿ ಮುಚ್ಚಿಟ್ಕೊಂಡು ಆಡೋ ಹಂಗಿಲ್ಲ. ಕಾಲೇಜಲ್ಲಿ ಪಾಠ ಮಾಡ್ತಾಳಂತೆ!” ಅವಳ ಪಕ್ಕದಲ್ಲಿ ಧನ್ಯ, ಧನ್ಯಳ ಪಕ್ಕದಲ್ಲಿ ಅವಳ ಗೆಳತಿ ಅಫ್ರೀನ್. ಎರಡೂ ಕೈಗಳಿಂದ ಒಂದೇ ಏಟಿಗೆ ಎರಡು ಪಟ್ಟಿ ಕೀಳುವ ಖ್ಯಾತಿ ಅಫ್ರೀನಳದು.

ಚೆಂಡು ನನ್ನ ಕೈಗೆ ಬಂತು. ಓಡಿದೆ. ನನಗೆ ಓಡಲು ಬರುತ್ತದೆಂಬುದೇ ನನಗೆ ಆಶ್ಚರ್ಯ. ಎದುರು ಬಂದವರು ಆಚೆ ಈಚೆ ಸರಿದರು. ಅಫ್ರೀನ್ ಪಕ್ಕದಿಂದ ನುಗ್ಗಿ ಕೈಚಾಚಿದಳು; ಅಷ್ಟರಲ್ಲಿ ಧನ್ಯಳ ದನಿ: “ಏಯ್ ಅಫ್ರೀನ್, ಬಿಡೇ! ನಮ್ಮಮ್ಮ ಕಣೇ, ಬಿದ್ದೋಗ್ತಾರೆ!” ಚಾಚಿದ ಕೈ ಹಿಂದೆ ಹೋಯಿತು. ನಾನು ಗೆರೆ ದಾಟಿ ಚೆಂಡು ಊರಿದೆ. ಬಯಲಿನ ಸುತ್ತ ಚಪ್ಪಾಳೆ. “ಮೇಡಂ ಸೂಪರ್!” ಎಂದು ಯಾರೋ ತಾಯಿ ಕೂಗಿದರು.

ಆ ಚಪ್ಪಾಳೆ ತುಸು ಹೆಚ್ಚಾಗಿಯೇ ಇತ್ತು.

ಮಣ್ಣಿನ ಮೇಲೆ ಒಂದು ಕೈ ಊರಿ ಬಗ್ಗಿದ್ದ ಭಂಗಿಯಲ್ಲಿಯೇ ನನಗೆ ಶಿಡ್ಲಘಟ್ಟದ ಬೀದಿ ಕಾಣಿಸಿತು. ಅದರ ಬೆನ್ನಿಗೇ ಗೌರಿಬಿದನೂರಿನ ಮೈದಾನ, ಎತ್ತರದ ಹುಡುಗಿಯರು ಬಾಗಿಲಿನ ಎರಡು ಕದಗಳಂತೆ ತೆರೆದುಕೊಂಡದ್ದು, ನಡುವೆ ನನ್ನ ಕುಳ್ಳಿ. ಹಿಡೀಲಿಲ್ಲ.

ಆದರೆ ಕೋಪ ಮೊದಲು ಬಂತು. ಎದ್ದು ನಿಂತು, ಆಟಗಾರರನ್ನುದ್ದೇಶಿಸಿ ಒಂದು ಕಿರುಭಾಷಣ ಮಾಡಿದೆ: ನಿಯಮಗಳು ಎಲ್ಲರಿಗೂ ಸಮಾನವಾಗಿ ಅನ್ವಯವಾಗತಕ್ಕದ್ದೆಂದೂ, ಗೌರವವೆಂಬ ನೆಪದಲ್ಲಿ ಯಾರನ್ನೂ ಆಟದಿಂದ ವಂಚಿಸಬಾರದೆಂದೂ ಹೇಳಿದೆ. ಮಕ್ಕಳು ಬೆಳಗಿನ ಪ್ರಾರ್ಥನೆಗೆ ನಿಂತಂತೆ ಕೈಕಟ್ಟಿ ನಿಂತರು. ಅಕ್ಕ ಮಂಡಿಗಳ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದವಳು ತಲೆಯೆತ್ತಿದಳು.

“ಮುಗೀತಾ ಭಾಷಣ? ಬಾ.”

ಮತ್ತೆ ಚೆಂಡು ಬಂತು. ನಾನು ಓಡಿದೆ. ಐವತ್ತರ ಆಸುಪಾಸಿನ ನನ್ನ ಅಕ್ಕ, ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಲು ನಡುವೆ ನಿಂತು ಸುಧಾರಿಸಿಕೊಳ್ಳುವವಳು, ನನ್ನ ಕಡೆಗೆ ಓಡಿಬಂದಳು. ನಾನು ಎಡಕ್ಕೆ ತಿರುಗಿದೆ, ಅವಳೂ ತಿರುಗಿದಳು. ಅವಳ ಉಸಿರಾಟ ನನ್ನ ಕಿವಿಯ ಹಿಂದೆಯೇ ಕೇಳಿಸಿತು. ನಾನು ಕಿರಿಚಿದೆ, ಮನೆಯಲ್ಲಿ ರಿಬ್ಬನ್ನಿಗಾಗಿ ಅವಳು ಅಟ್ಟಿಸಿಕೊಂಡು ಬರುತ್ತಿದ್ದಾಗ ಕಿರಿಚುತ್ತಿದ್ದ ಹಾಗೆಯೇ. ಪರ್ರ್!

“ಟ್ಯಾಗ್!” ಪಟ್ಟಿಯನ್ನು ಮೇಲೆತ್ತಿ ಕೂಗಿದಳು ಅಕ್ಕ.

“ನಾಲ್ಕು!” ಎಂದರು ರೆಫರಿ.

ನಾಲ್ಕು! ನಾನೇ ಆ ನಾಲ್ಕು. ಈ ವಯಸ್ಸಿಗೆ ಅಂತೂ ಒಂದು ಅಂಕಿಯಾದೆನಲ್ಲ! ಪಟ್ಟಿ ಹೋದ ಮೇಲೆ ಚೆಂಡನ್ನು ಜೊತೆಯವರಿಗೆ ದಾಟಿಸಬೇಕು; ಸಂಭ್ರಮದಲ್ಲಿ ಅದನ್ನು ಮುಂದಕ್ಕೆ ಎಸೆದುಬಿಟ್ಟೆ. ಈ ಆಟದಲ್ಲಿ ಹಿಂದಕ್ಕೆ ಮಾತ್ರ ಎಸೆಯಬೇಕೆಂಬುದು ಆರು ವರ್ಷದ ಮಕ್ಕಳಿಗೂ ಗೊತ್ತು. ಸೀಟಿ ಮೊಳಗಿತು, ತಪ್ಪು ನನ್ನ ಹೆಸರಿಗೇ ಬಂತು, ನನ್ನ ತಂಡದವರು ನನ್ನನ್ನು ಬೈದರು. “ಏನ್ ಮೇಡಂ ನೀವು, ಅಷ್ಟೂ ಗೊತ್ತಾಗಲ್ವಾ!” ಚಪ್ಪಾಳೆ ತಟ್ಟಿದ ತಾಯಿಯೇ ಅದನ್ನು ಹೇಳಿದ್ದು. ನಿಯಮದಂತೆ ಅಕ್ಕ ಪಟ್ಟಿಯನ್ನು ನನ್ನ ಕೈಗೇ ಕೊಟ್ಟಳು. “ತಗೊ. ಸಾಕಾ?” ಎಂದಳು. ಅವಳ ಮುಖ ಬೆವರಿನಿಂದ ಕೆಂಪಾಗಿತ್ತು.

ಮಜ್ಜಿಗೆ ಕುಡಿಯುವ ಹೊತ್ತಿನಲ್ಲಿ ಧನ್ಯಳನ್ನು ಕರೆದೆ.

“ನನ್ನನ್ನ ಯಾಕೆ ಬಿಡಿಸ್ದೆ?”

“ನೀನು ಬಿದ್ರೆ? ನಂಗೆ ಅಳು ಬರುತ್ತೆ.”

ಮಜ್ಜಿಗೆಯ ಲೋಟ ಕೆಳಗಿಟ್ಟೆ. ಮಣ್ಣಾದ ನನ್ನ ಕೈಗಳನ್ನು ಅವಳ ಅಂಗಿಗೇ ಒರೆಸಿದೆ.

“ಧನ್ಯ, ಗೌರಿಬಿದನೂರಲ್ಲಿ ಆ ಅಕ್ಕಂದಿರು ನಿನ್ನ ಹಿಡಿಯಕ್ಕೆ ಬಂದ್ರಾ?”

“ಹೂಂ. ಬಂದ್ರು.” ಸ್ವಲ್ಪ ಯೋಚಿಸಿದಳು. “ಬಂದು, ಪಾಪು ಕಣೇ ಅಂದ್ರು.”

“ಹಂಗಂದು ಬಿಟ್ಬಿಟ್ರಾ?”

ಹುಬ್ಬು ಗಂಟಿಕ್ಕಿತು. ಆ ಚಿಕ್ಕ ಮುಖದಲ್ಲಿ ಆ ದಿನದ ಗೆಲುವುಗಳು ಒಂದೊಂದಾಗಿ ಅಳಿದುಹೋಗುವುದನ್ನು ನೋಡಿದೆ, ನೋಡಬಾರದಿತ್ತು ಎನ್ನಿಸಿತು.

“ಹಂಗಾದ್ರೆ ನಂಗದು ಬೇಡ” ಎಂದಳು. “ಅಫ್ರೀನ್ ಬಿಡಲ್ಲ. ಅವ್ಳಿಗೆ ಇನ್ನೂ ಒಂದ್ವರ್ಷ ಇಲ್ಲೇ.” ಆಮೇಲೆ ನನ್ನ ಮುಖ ನೋಡಿ ಕೇಳಿದಳು: “ನಾನೂ ಇಲ್ಲೇ ಇರ್ಲಾ ಅಮ್ಮ? ಮುಂದಿನ್ ವರ್ಷ ದಪ್ಪಗಾಗಿ ಹೋಗ್ತೀನಿ.”

ಅಕ್ಕ ನಂದಿಬೆಟ್ಟದ ಕಡೆ ಮುಖ ಮಾಡಿಕೊಂಡು, ಏನೂ ಕೇಳಿಸದವಳಂತೆ ಪಟ್ಟಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ನಾನು ಹೂಂ ಎಂದೆ. ಒಂದಕ್ಷರದ ಭಾಷಣ. ಅದರ ಬೆಲೆ ನನಗೆ ಗೊತ್ತಿತ್ತು: ಇನ್ನೊಂದು ವರ್ಷ ‘ದೊಡ್ಡಮ್ಮ ಹೇಳಿದಾರೆ’, ಇನ್ನೊಂದು ವರ್ಷ ಶನಿವಾರದ ಸಂಜೆ ಬಯಲಿನಂಚಿನಲ್ಲಿ ನಿಂತು, ಅಕ್ಕ ನನ್ನ ಮಗಳ ಮುಂದೆ ಮಂಡಿಯೂರುವುದನ್ನು ನೋಡುವುದು. ಧನ್ಯ ದೊಡ್ಡಮ್ಮನ ಹತ್ತಿರ ಓಡಿಹೋಗಿ ಸೊಂಟ ತಬ್ಬಿಕೊಂಡಳು. ನನ್ನ ಹೊಟ್ಟೆಯಲ್ಲಿ ಹಳೆಯ ಕಿಚ್ಚು ತನ್ನ ಜಾಗದಲ್ಲಿ ಬೆಚ್ಚಗೆ ಕುಳಿತೇ ಇತ್ತು. ಕೈಯಲ್ಲಿದ್ದ ಪಟ್ಟಿಯನ್ನು ಅಂಟಿಸಿಕೊಳ್ಳದೆ, ಯಾರಿಗೂ ಕಾಣದಂತೆ ಕೈಚೀಲಕ್ಕೆ ಹಾಕಿಕೊಂಡೆ.

ಈ ಬೆಳಿಗ್ಗೆ ಅಕ್ಕನ ಫೋನು ಬಂದಿತ್ತು.

“ಸುಮಾ, ಒಂದು ಕೆಂಪು ಪಟ್ಟಿ ಕಮ್ಮಿ ಐತೆ ಕಣೇ. ಎಲ್ಲಾ ಕಡೆ ಹುಡುಕ್ದೆ. ನಿನ್ ಹತ್ರ ಏನಾದ್ರೂ ಬಂದೈತಾ?”

“ಬಂದೈತೆ.”

“ಮತ್ತೆ ಹೇಳಬಾರ್ದಾ? ಧನ್ಯನ ಕೈಲಿ ಕಳ್ಸು.”

ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಪಟ್ಟಿಯ ತುದಿಯನ್ನು ಸೀರೆಯ ಸೊಂಟಕ್ಕೆ ಒತ್ತಿದೆ. ಅದು ಗಟ್ಟಿಯಾಗಿ ಕಚ್ಚಿಕೊಂಡಿತು.

“ಕಳ್ಸಲ್ಲ” ಎಂದೆ. “ಬೇಕಾದ್ರೆ ಬಂದು ಕಿತ್ಕೋ.”